ಬದುವಿನ ಬಾವಂಚಿ, ಬಾಟಲಿಯ ಸೀರಮ್: ನಡುವೆ ಇರೋದೇನು?

ಕಳೆದ ಹತ್ತಿ ಸುಗ್ಗಿಯಲ್ಲಿ ನನ್ನ ಚಿಕ್ಕಪ್ಪನ ಮಗ ವಾಟ್ಸಾಪ್‌ನಲ್ಲಿ ಎರಡು ಫೋಟೊ ಕಳಿಸಿದ. ಒಂದರಲ್ಲಿ ಬೆರಳುದ್ದದ ಗಾಜಿನ ಬಾಟಲಿ. 30 ಎಂಎಲ್, ಬೆಲೆ ಆರುನೂರು ರೂಪಾಯಿ ಚಿಲ್ಲರೆ, ಮೇಲೆ ‘ಬಕುಚಿಯೋಲ್ ಸೀರಮ್, ಕಲೆ ಮತ್ತು ಸುಕ್ಕಿಗೆ’ ಅಂತ ಬರಹ. ಇನ್ನೊಂದು ಫೋಟೊ ಅವರದೇ ಹೊಲದ ಬದುವಿನದು: ಸೊಂಟದೆತ್ತರ ಬೆಳೆದು ಕಪ್ಪು ಬೀಜ ಕಟ್ಟಿದ ಬಾವಂಚಿ ಗಿಡ. ಕೆಳಗೆ ಒಂದೇ ಪ್ರಶ್ನೆ: “ಅಣ್ಣಾ, ಎರಡೂ ಒಂದ ಅಲ್ಲೇನು? ಬರೋ ಮುಂಗಾರಿಗೆ ಎರಡ ಎಕರೆ ಹಾಕಿಬಿಡ್ಲೇನು?”

ಫೋನ್ ಮಾಡಿದೆ. ಮಾತಾಡ್ತಾ ಇನ್ನೊಂದು ವಿಷಯ ಹೊರಬಿತ್ತು. ಫೋಟೊ ನೋಡಿದ ನಮ್ಮ ಚಿಗವ್ವ ಆ ಬೀಜವನ್ನೇ ಅರೆದು, ಕೊಬ್ಬರಿ ಎಣ್ಣೆಯಲ್ಲಿ ಕುದಿಸಿ ಇಟ್ಟಿದ್ದರು. ಅವನ ಅಕ್ಕ ಅದನ್ನ ಕೆನ್ನೆಗೆ ಹಚ್ಚಿಕೊಂಡು ಹತ್ತಿ ಬಿಡಿಸೋಕೆ ಹೋಗಿದ್ದಳು. ಮರುದಿನಕ್ಕೆ ಕೆನ್ನೆ ಕೆಂಪಾಗಿ ಗುಳ್ಳೆ ಎದ್ದಿತ್ತು. ಗುಳ್ಳೆ ಒಣಗಿದ ಮೇಲೆ ಆ ಜಾಗ ಮೊದಲಿಗಿಂತ ಕಪ್ಪಾಯ್ತು. ಕಲೆ ಹೋಗಲಿ ಅಂತ ಹಚ್ಚಿದ್ದರಿಂದಲೇ ಕಲೆ ಬಂತು.

ಎರಡು ಎಕರೆ ಹಾಕಬೇಕೋ ಬೇಡವೋ ಅನ್ನೋ ಪ್ರಶ್ನೆಗೂ, ಅಕ್ಕನ ಕೆನ್ನೆಯ ಗುಳ್ಳೆಗೂ ಉತ್ತರ ಒಂದೇ ಕಡೆ ಇದೆ. ಕಾಸ್ಮೆಟಿಕ್ ಕಂಪನಿ ಕೊಳ್ಳೋದು ಗಿಡವನ್ನಲ್ಲ, ಗಿಡದೊಳಗಿನ ಒಂದು ನಿರ್ದಿಷ್ಟ ರಾಸಾಯನಿಕವನ್ನ. ಇದು ಅರ್ಥ ಆದರೆ ದುಡ್ಡೂ ಉಳಿಯುತ್ತೆ, ಚರ್ಮವೂ ಉಳಿಯುತ್ತೆ.

ಕಲೆ ಯಾಕೆ ಆಗುತ್ತೆ? ಬದನೆಕಾಯಿ ಹೆಚ್ಚಿ ನೋಡಿ

ಬದನೆಕಾಯಿ ಹೆಚ್ಚಿ ತಟ್ಟೆಯಲ್ಲಿ ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗುತ್ತೆ. ಬಾಳೆದಿಂಡು, ಬಾಳೆಹೂವಿನ ಕಥೆಯೂ ಅದೇ. ಅದಕ್ಕೇ ಮನೆಯಲ್ಲಿ ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕ್ತಾರೆ. ಹೆಚ್ಚಿದ ಜಾಗದಲ್ಲಿ ಒಂದು ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಣ್ಣ ಕಟ್ಟುತ್ತೆ. ಮಜ್ಜಿಗೆಯ ಹುಳಿ ಆ ಕಿಣ್ವದ ಕೆಲಸ ನಿಧಾನ ಮಾಡುತ್ತೆ.

ನಮ್ಮ ಚರ್ಮದಲ್ಲೂ ಅದರ ಸಂಬಂಧಿಕನೇ ಒಬ್ಬ ಇದ್ದಾನೆ. ಹೆಸರು ಟೈರೊಸಿನೇಸ್. ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ತಯಾರಾಗೋದು ಈ ಕಿಣ್ವದಿಂದ. ಎರಡಕ್ಕೂ ಕೆಲಸ ಮಾಡೋಕೆ ತಾಮ್ರದ ಅಂಶ ಬೇಕು. ಬಿಸಿಲು ಬಿದ್ದರೆ, ಗಾಯ ಆದರೆ, ಮೊಡವೆ ಚಿವುಟಿದರೆ, ಹಾರ್ಮೋನ್ ಏರುಪೇರಾದರೆ ಈ ಕಿಣ್ವ ಜೋರಾಗುತ್ತೆ. ಆ ಜಾಗದಲ್ಲಿ ಬಣ್ಣ ಹೆಚ್ಚು ಕಟ್ಟಿ ಕಲೆ ಕಾಣಿಸುತ್ತೆ.

‘ಬ್ರೈಟನಿಂಗ್’ ಅಂತ ಬರೆದ ಹೆಚ್ಚಿನ ಕ್ರೀಮುಗಳು ಮಾಡೋ ಕೆಲಸ ಈ ಕಿಣ್ವವನ್ನ ನಿಧಾನ ಮಾಡೋದು. ಜೇಷ್ಠಮಧುವಿನ ಬೇರಿನ ಗ್ಲಾಬ್ರಿಡಿನ್, ನೆಲ್ಲಿಕಾಯಿ ಮತ್ತು ಕಿತ್ತಳೆಯಲ್ಲಿರೋ ವಿಟಮಿನ್ ಸಿ, ಇವೆಲ್ಲ ಆ ದಾರಿಯವು. ಬೇಡವಾಗಿ ಬಂದ ಕಲೆಯನ್ನ ಇವು ಸ್ವಲ್ಪ ತಿಳಿ ಮಾಡಬಹುದು. ಹುಟ್ಟಿನಿಂದ ಬಂದ ಮೈಬಣ್ಣ ಬದಲಿಸೋಕೆ ಆಗಲ್ಲ, ಬದಲಿಸಬೇಕಾದ ಕಾಯಿಲೆಯೂ ಅದಲ್ಲ. ‘ಫೇರ್ ಅಂಡ್ ಲವ್ಲಿ’ ಅನ್ನೋ ಹೆಸರು 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯ್ತಲ್ಲ, ಆಗಿನಿಂದ ಬಾಟಲಿ ಮೇಲಿನ ಮಾತು ಬದಲಾಗ್ತಾ ಬಂದಿದೆ. ನಮ್ಮ ಮನೆಯ ಮಾತೂ ಬದಲಾಗಬೇಕು.

ಇನ್ನು ಸುಕ್ಕು. ಚರ್ಮದ ಒಳಪದರದಲ್ಲಿ ಕೊಲಾಜೆನ್ ಅನ್ನೋ ನಾರು ಇರುತ್ತೆ, ಸೋಗೆ ಚಪ್ಪರಕ್ಕೆ ಗಳ ಕಟ್ಟಿದ ಹಾಗೆ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಈ ನಾರನ್ನ ತುಂಡು ಮಾಡುತ್ತೆ. ವಯಸ್ಸಾದಂತೆ ಹೊಸ ನಾರು ತಯಾರಾಗೋದೂ ಕಡಿಮೆ ಆಗುತ್ತೆ. ಗಳ ಸಡಿಲಾದರೆ ಚಪ್ಪರ ಜೋತು ಬೀಳುತ್ತೆ. ಸುಕ್ಕಿನ ಕ್ರೀಮುಗಳು ಹೊಸ ನಾರು ಹುಟ್ಟೋಕೆ ಪ್ರಚೋದನೆ ಕೊಡ್ತವೆ, ಇಲ್ಲಾ ಇರೋದನ್ನ ಬಿಸಿಲಿನಿಂದ ಕಾಯ್ತವೆ. ಇದರಲ್ಲಿ ಹೆಸರಾದದ್ದು ರೆಟಿನಾಲ್, ಅಂದರೆ ವಿಟಮಿನ್ ಎ. ಕೆಲಸ ಮಾಡುತ್ತೆ, ಆದರೆ ಸುಮಾರು ಜನರಿಗೆ ಚರ್ಮ ಸುಲಿಯುತ್ತೆ, ಉರಿಯುತ್ತೆ. ಬಾವಂಚಿ ಹೆಸರು ಎದ್ದಿದ್ದು ಇಲ್ಲಿಯೇ.

ಒಂದೇ ಬೀಜ, ಎರಡು ವಿರುದ್ಧ ಕೆಲಸ

ಬಾವಂಚಿ, ಆಯುರ್ವೇದದಲ್ಲಿ ಬಾಕುಚಿ, ಸಸ್ಯಶಾಸ್ತ್ರದಲ್ಲಿ ಸೊರಾಲಿಯಾ ಕೊರಿಲಿಫೋಲಿಯಾ. ದ್ವಿದಳ ಜಾತಿ. ಬಕುಚಿಯೋಲ್ ಇದರ ಬೀಜದಲ್ಲಿದೆ. ಅದನ್ನ ಬೇರ್ಪಡಿಸಿ ಗುರುತಿಸಿದ್ದು ನಮ್ಮವರೇ: ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು, 1966ರಲ್ಲಿ.

ಜಗತ್ತು ಇದರ ಕಡೆ ಜೋರಾಗಿ ತಿರುಗಿದ್ದು 2018ರಲ್ಲಿ. ‘ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿ’ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ 44 ಜನರಿಗೆ 12 ವಾರ ಕ್ರೀಮು ಕೊಟ್ಟರು. ಕೆಲವರಿಗೆ ಶೇ. 0.5ರ ಬಕುಚಿಯೋಲ್ ದಿನಕ್ಕೆ ಎರಡು ಸಲ, ಉಳಿದವರಿಗೆ ಶೇ. 0.5ರ ರೆಟಿನಾಲ್ ದಿನಕ್ಕೆ ಒಂದು ಸಲ. ಎರಡೂ ಗುಂಪಿನಲ್ಲಿ ಸುಕ್ಕು, ಕಲೆ ಕಡಿಮೆಯಾದವು, ಹೆಚ್ಚು ವ್ಯತ್ಯಾಸ ಇರಲಿಲ್ಲ. ರೆಟಿನಾಲ್ ಹಚ್ಚಿದವರಲ್ಲಿ ಚರ್ಮ ಸುಲಿಯೋದು, ಚುರುಚುರು ಅನ್ನೋದು ಜಾಸ್ತಿ ಇತ್ತು. 44 ಜನ ಅಂದರೆ ಸಣ್ಣ ಪ್ರಯೋಗ, ಅದು ನೆನಪಿರಲಿ. ಆದರೂ ಕಂಪನಿಗಳಿಗೆ ಅಷ್ಟು ಸಾಕಾಯ್ತು.

ಆ ಬೀಜದಲ್ಲಿ ಬಕುಚಿಯೋಲ್ ಒಂದೇ ಇಲ್ಲ, ಸೊರಾಲೆನ್ ಅನ್ನೋ ಇನ್ನೊಂದು ವಸ್ತುವೂ ಇದೆ. ಸೊರಾಲೆನ್ ಚರ್ಮಕ್ಕೆ ತಾಗಿ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಡುತ್ತೆ, ಗುಳ್ಳೆ ಏಳುತ್ತೆ, ಆಮೇಲೆ ಬಣ್ಣ ಗಾಢವಾಗುತ್ತೆ. ಹಿಂದಿನಿಂದ ಬಾವಂಚಿಯನ್ನ ತೊನ್ನಿನ ಚಿಕಿತ್ಸೆಗೆ ಬಳಸ್ತಾ ಬಂದಿರೋದು ಇದೇ ಗುಣಕ್ಕೆ, ಅಂದರೆ ಬಿಳಿ ಕಲೆಗೆ ಬಣ್ಣ ಬರಿಸೋಕೆ. ಇಂದಿನ ಆಸ್ಪತ್ರೆಗಳಲ್ಲೂ ತೊನ್ನಿಗೆ ಸೊರಾಲೆನ್ ಜಾತಿಯ ಔಷಧ ಕೊಟ್ಟು, ಅಳತೆಯ ಬೆಳಕು ಬಿಡೋ ಚಿಕಿತ್ಸೆ ಇದೆ. ವೈದ್ಯರ ಕಣ್ಣಳತೆಯಲ್ಲಿ ಮಾಡಬೇಕಾದ ಕೆಲಸ ಅದು.

ಈಗ ಅಕ್ಕನ ಕೆನ್ನೆ ಅರ್ಥ ಆಯ್ತಲ್ಲ? ಬಾಟಲಿಯಲ್ಲಿರೋದು ಸೊರಾಲೆನ್ ತೆಗೆದು ಶುದ್ಧ ಮಾಡಿದ ಬಕುಚಿಯೋಲ್. ಚಿಗವ್ವ ಕುದಿಸಿದ ಎಣ್ಣೆಯಲ್ಲಿ ಎರಡೂ ಇದ್ದವು, ಮೇಲೆ ಹತ್ತಿ ಹೊಲದ ಬಿಸಿಲು. ‘ಗಿಡದ್ದು, ಏನೂ ಆಗಲ್ಲ’ ಅನ್ನೋ ಮಾತು ಇಲ್ಲಿ ನಡೆಯಲ್ಲ. ನಿಂಬೆ ಸಿಪ್ಪೆಯಲ್ಲೂ ಇದೇ ಬಳಗದ ವಸ್ತು ಇದೆ. ನಿಂಬೆ ಹಿಂಡಿ ಮುಖಕ್ಕೆ ಹಚ್ಚಿಕೊಂಡು ಬಿಸಿಲಿಗೆ ಹೋಗೋರು ಇದನ್ನ ಗಮನಿಸಿ.

ಬಾಟಲಿಯ ಲೆಕ್ಕ ಹೊಲಕ್ಕೆ ತನ್ನಿ

ತಮ್ಮನಿಗೆ ನಾನು ಮಾಡಿ ತೋರಿಸಿದ ಲೆಕ್ಕ ಇದು. ಫೋನಿನ ಕ್ಯಾಲ್ಕುಲೇಟರ್ ತೆಗೀರಿ.

30 ಎಂಎಲ್ ಸೀರಮ್‌ನಲ್ಲಿ ಶೇ. 0.5 ಬಕುಚಿಯೋಲ್ ಅಂದರೆ ಸುಮಾರು 0.15 ಗ್ರಾಂ. ಹಾಗಾದರೆ ಒಂದು ಕೆಜಿ ಶುದ್ಧ ಬಕುಚಿಯೋಲ್‌ನಿಂದ ಹೆಚ್ಚುಕಡಿಮೆ 6,600 ಬಾಟಲಿ ತುಂಬುತ್ತೆ. ಬಾಟಲಿಗೆ 600 ರೂಪಾಯಿ ಇದೆ ಅಂತ ಬೀಜಕ್ಕೂ ಅದೇ ಲೆಕ್ಕದಲ್ಲಿ ಬೆಲೆ ಬರಲ್ಲ. ಆ ದುಡ್ಡಿನಲ್ಲಿ ಹೆಚ್ಚಿನ ಪಾಲು ಶುದ್ಧೀಕರಣ, ಪರೀಕ್ಷೆ, ಬಾಟಲಿ, ಜಾಹೀರಾತು, ಅಂಗಡಿಯವರ ಲಾಭಕ್ಕೆ ಹೋಗುತ್ತೆ.

ಲೆಕ್ಕದ ಇನ್ನೊಂದು ಮುಖವೂ ಇದೆ. ಇಷ್ಟು ಸಣ್ಣ ಪ್ರಮಾಣ ಸಾಕು ಅಂದಮೇಲೆ ಮಾರುಕಟ್ಟೆಯೂ ಸಣ್ಣದೇ. ಜೋಳ, ಈರುಳ್ಳಿ ಹಾಗೆ ಯಾವ ಎಪಿಎಂಸಿಗೆ ತಗೊಂಡು ಹೋದರೂ ಹರಾಜಾಗೋ ಮಾಲಲ್ಲ. ಒಂದು ವರ್ಷ ಬೆಲೆ ಏರಿತು ಅಂತ ನಾಲ್ಕು ತಾಲ್ಲೂಕಿನವರು ಹಾಕಿದರೆ ಮರುವರ್ಷ ಗೋದಾಮು ತುಂಬಿರುತ್ತೆ, ಕೇಳೋರಿರಲ್ಲ.

ನನ್ನ ಲೋಳೆಸರದ ಪಾಠ

ಇದನ್ನ ಪುಸ್ತಕ ಓದಿ ಹೇಳ್ತಿಲ್ಲ. ತೋಟಗಾರಿಕೆ ಪದವಿ ಮುಗಿಸಿ ಊರಿಗೆ ಬಂದ ಹೊಸದರಲ್ಲಿ ಒಂದೂವರೆ ಎಕರೆ ಲೋಳೆಸರ ಹಾಕಿದ್ದೆ. ‘ಕಾಸ್ಮೆಟಿಕ್ ಕಂಪನಿಗೆ ಬೈಬ್ಯಾಕ್’ ಅಂತ ಒಬ್ಬರು ಬಂದಿದ್ದರು. ಸಸಿ ಒಂದಕ್ಕೆ ನಾಲ್ಕು ರೂಪಾಯಿಯಂತೆ 15,000 ಸಸಿ, ಅಲ್ಲಿಗೆ 60,000 ರೂಪಾಯಿ ಅವರಿಗೇ ಹೋಯ್ತು. ಎಲೆ ಕೆಜಿಗೆ ಐದು ರೂಪಾಯಿಗೆ ಕೊಳ್ತೀವಿ ಅಂದರು. ಕಾಗದದಲ್ಲಿ ಸಹಿಯೂ ಇತ್ತು, ಆದರೆ ಕಂಪನಿಯ ವಿಳಾಸ ಸರಿಯಾಗಿರಲಿಲ್ಲ. ಪದವಿ ಇದ್ದ ನಾನೂ ಅದನ್ನ ನೋಡಲಿಲ್ಲ.

ಬೆಳೆ ಚೆನ್ನಾಗೇ ಬಂತು. ಕೊಯ್ಲಿನ ಹೊತ್ತಿಗೆ ಮೊದಲ ವಾರ “ಗಾಡಿ ಬರುತ್ತೆ” ಅಂದರು, ಎರಡನೇ ವಾರ ಫೋನ್ ಎತ್ತಲಿಲ್ಲ, ಮೂರನೇ ವಾರ ನಂಬರೇ ಬಂದ್. ಬೇರೆ ಘಟಕ ಹುಡುಕಿದೆ. ಸಿಕ್ಕಿದ್ದು ಮುನ್ನೂರು ಕಿಲೋಮೀಟರ್ ಆಚೆ.

ಲೋಳೆಸರದ ತಿರುಳಿನಲ್ಲಿ ಶೇ. 98ಕ್ಕಿಂತ ಹೆಚ್ಚು ನೀರು. ಅದರಲ್ಲಿ ಕೆಲಸಕ್ಕೆ ಬರೋದು ಅಸೆಮನ್ನಾನ್‌ನಂಥ ಸ್ವಲ್ಪ ಅಂಶ, ಅದೂ ಎಲೆ ಕೊಯ್ದ ಮೇಲೆ ಬೇಗ ಹಾಳಾಗುತ್ತೆ. ಸಿಪ್ಪೆಯ ಕೆಳಗಿನ ಹಳದಿ ಹಾಲು, ಅಂದರೆ ಅಲೋಯಿನ್, ಸೇರಿಬಿಟ್ಟರೆ ಚರ್ಮಕ್ಕೆ ಕೆರೆತ. ಅದಕ್ಕೇ ಘಟಕ ಹೊಲದ ಹತ್ತಿರವೇ ಇರಬೇಕು. ನಾನು ಮುನ್ನೂರು ಕಿಲೋಮೀಟರ್ ನೀರು ಹೊತ್ತು ಸಾಗಿಸೋ ಲೆಕ್ಕ ಹಾಕ್ತಿದ್ದೆ, ಡೀಸೆಲ್ ದುಡ್ಡೂ ಹುಟ್ಟಲ್ಲ. ಸ್ವಲ್ಪ ಎಲೆ ಜ್ಯೂಸ್ ಅಂಗಡಿಗೆ ಕೊಟ್ಟು ಉಳಿದದ್ದನ್ನ ರೋಟವೇಟರ್ ಹೊಡೆಸಿದೆ. ಅಪ್ಪ ಏನೂ ಅನ್ನಲಿಲ್ಲ, ಬದುವಿನ ಮೇಲೆ ನಿಂತು ನೋಡಿದರು. ಅದೇ ಹೆಚ್ಚು ನೋವಾಗಿದ್ದು.

ಹಾಗಾದರೆ ನಮ್ಮ ಬೆಳೆಗಳಿಗೆ ದಾರಿಯೇ ಇಲ್ವಾ?

ಇದೆ. ಆದರೆ ಕಾಸ್ಮೆಟಿಕ್ ಕಂಪನಿ ಬರದಿದ್ದರೂ ಮಾರಾಟವಾಗೋ ಬೆಳೆಯಿಂದ ಶುರು ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ. ಮೂರು ಉದಾಹರಣೆ ಕೊಡ್ತೀನಿ.

ಅರಿಶಿನ: ಚಾಮರಾಜನಗರ, ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಮಂಡಿಯಲ್ಲಿ ಬೆಲೆ ನಿಲ್ಲೋದು ಕೊಂಬಿನ ಗಾತ್ರ, ಪಾಲಿಶ್, ಬಣ್ಣದ ಮೇಲೆ. ಸಾರ ತೆಗೆಯೋ ಕಂಪನಿ ಕೇಳೋದು ಕರ್ಕ್ಯುಮಿನ್ ಶೇಕಡಾ ಎಷ್ಟು ಅಂತ. ಒಂದು ಕ್ವಿಂಟಲ್ ಒಣ ಅರಿಶಿನದಲ್ಲಿ ಶೇ. 3 ಇದ್ದರೆ 3 ಕೆಜಿ, ಶೇ. 5 ಇದ್ದರೆ 5 ಕೆಜಿ. ತೂಕ ಒಂದೇ, ಒಳಗಿನ ಮಾಲು ಬೇರೆ. ಇದು ಮೊದಲು ತಳಿಯಿಂದ ಬರುತ್ತೆ. ಕೋಯಿಕ್ಕೋಡ್‌ನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ‘ಪ್ರತಿಭಾ’ ತಳಿಯಲ್ಲಿ ಶೇ. 6 ದಾಟುತ್ತೆ, ‘ಪ್ರಗತಿ’ಯಲ್ಲಿ ಶೇ. 5ರ ಆಸುಪಾಸು ಇದ್ದು ಸುಮಾರು 180 ದಿನಕ್ಕೆ ಬರುತ್ತೆ. ಆಮೇಲೆ ಸಂಸ್ಕರಣೆ. ಕರ್ಕ್ಯುಮಿನ್‌ಗೆ ಬೆಳಕು ಆಗಲ್ಲ. ಚೂರು ಮಾಡಿ ಸುಡು ಬಿಸಿಲಿಗೆ ಹರವಿದರೆ ಬಣ್ಣ ಮಾಸುತ್ತೆ, ಅತಿಯಾಗಿ ಬೇಯಿಸಿದರೂ ಬಣ್ಣ ಕೆಡುತ್ತೆ. ಕ್ರೀಮಿನಲ್ಲಿ ಮುಖ ಹಳದಿಯಾಗಬಾರದು ಅಂತ ಇದನ್ನೇ ಬಣ್ಣವಿಲ್ಲದ ಟೆಟ್ರಾಹೈಡ್ರೋಕರ್ಕ್ಯುಮಿನ್ ಆಗಿ ಬದಲಿಸ್ತಾರೆ. ಕಂಪನಿ ಕೈಕೊಟ್ಟರೂ ಅರಿಶಿನಕ್ಕೆ ಮಂಡಿ ಇದ್ದೇ ಇದೆ.

ಒಂದೆಲಗ: ಮಲೆನಾಡು, ಕರಾವಳಿಯಲ್ಲಿ ತಂಬುಳಿಗೆ ಬಳಸೋ ಎಲೆ. ಕೊರಿಯಾದ ಕ್ರೀಮುಗಳ ಮೇಲೆ ‘ಸಿಕಾ’ ಅಂತ ಬರೆದಿರೋದು ಇದೇ ಗಿಡ. ಏಷಿಯಾಟಿಕೊಸೈಡ್, ಮೆಡೆಕಾಸೊಸೈಡ್ ಅನ್ನೋ ಅಂಶಗಳು ಗಾಯ ಮಾಯೋಕೆ, ಕೊಲಾಜೆನ್ ಹುಟ್ಟೋಕೆ ನೆರವಾಗ್ತವೆ. ದೊಡ್ಡ ಕಂಪನಿಗಳಿಗೆ ಹೆಚ್ಚಿನ ಮಾಲು ಮಡಗಾಸ್ಕರ್‌ನಿಂದ ಹೋಗುತ್ತೆ. ನಮ್ಮಲ್ಲಿ ತೆಂಗು, ಅಡಿಕೆಯ ನೆರಳಲ್ಲಿ, ತೇವ ಇರೋ ಕಡೆ ಸುಲಭವಾಗಿ ಹಬ್ಬುತ್ತೆ. ಆದರೆ ಎಚ್ಚರ, ಈ ಗಿಡ ಮಣ್ಣಿನ ಸೀಸ, ಕ್ಯಾಡ್ಮಿಯಂ ಹೀರಿಕೊಳ್ಳೋದರಲ್ಲಿ ಮುಂದು. ಪಟ್ಟಣದ ಚರಂಡಿ ನೀರು ಹರಿಯೋ ಕಾಲುವೆ ಪಕ್ಕ ಬೆಳೆದರೆ ಪರೀಕ್ಷೆಯಲ್ಲಿ ಫೇಲ್ ಆಗಬಹುದು. ತಿನ್ನೋಕೂ ಅದು ಒಳ್ಳೆಯದಲ್ಲ. ಕೊಯ್ದ ಮೇಲೆ ತೊಳೆದು, ನೆರಳಲ್ಲಿ ತೆಳುವಾಗಿ ಹರವಿ ಬೇಗ ಒಣಗಿಸಬೇಕು.

ಮುರುಗಲು: ಪುನರ್ಪುಳಿ ಶರಬತ್ತು ಮಾಡಿದ ಮೇಲೆ ಬೀಜ ಬಿಸಾಡೋರು ಇದ್ದಾರೆ. ಉತ್ತರ ಕನ್ನಡದ ಮನೆಗಳಲ್ಲಿ ಅದೇ ಬೀಜದಿಂದ ಮುರುಗಲ ತುಪ್ಪ ತೆಗೆದು ಒಡೆದ ಹಿಮ್ಮಡಿಗೆ ಹಚ್ಚೋದು ಹಳೇ ರೂಢಿ. ಕೋಕಂ ಬಟರ್ ಅಂತ ಲಿಪ್ ಬಾಮ್, ಕ್ರೀಮುಗಳಿಗೆ ಹೋಗೋದು ಇದೇ. ಇದು ಕಲೆ ತೆಗೆಯಲ್ಲ, ಸುಕ್ಕನ್ನೂ ಅಳಿಸಲ್ಲ, ಚರ್ಮದ ಪಸೆ ಆರದಂತೆ ಕಾಯುತ್ತೆ. ಮಾಲು ಗಟ್ಟಿ ಕೊಬ್ಬು, ಲೋಳೆಸರದ ಹಾಗೆ ಗಂಟೆ ಲೆಕ್ಕದಲ್ಲಿ ಕೆಡಲ್ಲ. ಬೀಜವನ್ನ ಚೆನ್ನಾಗಿ ತೊಳೆದು ಒಣಗಿಸಿಟ್ಟರೆ ಕೊಳ್ಳೋರು ಸಿಗೋವರೆಗೆ ಕಾಯಬಹುದು.

ಸಹಿ ಹಾಕೋ ಮೊದಲು ಕೇಳಿ

ಯಾರಾದರೂ ‘ಕಾಸ್ಮೆಟಿಕ್ ಬೆಳೆ, ಬೈಬ್ಯಾಕ್ ಗ್ಯಾರಂಟಿ’ ಅಂತ ಬಂದರೆ ಈ ಪಟ್ಟಿ ಹಿಡ್ಕೊಂಡು ಕೂತ್ಕೊಳ್ಳಿ:

1. ನಿಮಗೆ ಬೇಕಿರೋ ಅಂಶ ಯಾವುದು, ಕನಿಷ್ಠ ಶೇಕಡಾ ಎಷ್ಟಿರಬೇಕು? ಇದಕ್ಕೆ ಉತ್ತರ ಬರದಿದ್ದರೆ ಬಂದಿರೋನು ಸಸಿ ಮಾರೋನು, ಮಾಲು ಕೊಳ್ಳೋನಲ್ಲ.
2. ಪರೀಕ್ಷೆ ಎಲ್ಲಿ, ಯಾರ ಖರ್ಚಲ್ಲಿ? ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬ್‌ನಲ್ಲಿ ಎಚ್‌ಪಿಎಲ್‌ಸಿ ಪರೀಕ್ಷೆ ಆಗಬೇಕು. ಅದೇ ಮಾಲಿನ ಒಂದು ಸ್ಯಾಂಪಲ್ ಸೀಲ್ ಆಗಿ ನಿಮ್ಮ ಹತ್ತಿರವೂ ಇರಬೇಕು.
3. ತೇವಾಂಶ, ಕೀಟನಾಶಕದ ಉಳಿಕೆ, ಭಾರ ಲೋಹ, ಬೂಷ್ಟು, ಇವುಗಳ ಮಿತಿ ಎಷ್ಟು? ಫೇಲ್ ಆದರೆ ಮಾಲು ಯಾರದು?
4. ಹಸಿ ಮಾಲಿಗೋ ಒಣ ಮಾಲಿಗೋ ಬೆಲೆ? ಸಾಗಣೆ ಯಾರದು? ದುಡ್ಡು ಎಷ್ಟು ದಿನದಲ್ಲಿ?
5. ಹೋದ ವರ್ಷ ನಿಮಗೆ ಮಾರಿದ ಮೂವರು ರೈತರ ನಂಬರ್ ಕೊಡಿ. ಕೊಟ್ಟರೆ ಅವತ್ತೇ ಫೋನ್ ಮಾಡಿ.
6. ಕಂಪನಿಯ ಜಿಎಸ್‌ಟಿ ನಂಬರ್ ತಗೊಂಡು ಜಿಎಸ್‌ಟಿ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಹೆಸರು, ವಿಳಾಸ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ನಾನು ಈ ಎರಡು ನಿಮಿಷದ ಕೆಲಸ ಬಿಟ್ಟು ಕೆಟ್ಟೆ.

ನಿಮ್ಮ ಕಡೆಯಿಂದಲೂ ದಾಖಲೆ ಇರಲಿ. ಯಾವ ತಳಿ, ಬಿತ್ತಿದ ದಿನ, ಏನು ಸಿಂಪಡಿಸಿದ್ದು, ಕೊಯ್ದ ದಿನ, ಎಷ್ಟು ದಿನ ಒಣಗಿಸಿದ್ದು, ಎಲ್ಲ ಫೋನಿನಲ್ಲಿ ಫೋಟೊ ಸಮೇತ ಬರೆದಿಡಿ. ಒಳ್ಳೆ ಕೊಳ್ಳುವವರು ಇದನ್ನೇ ಮೊದಲು ಕೇಳ್ತಾರೆ.

ಔಷಧಿ ಸಸ್ಯಗಳ ಬಗ್ಗೆ ಮಾಹಿತಿಗೆ ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿ ಇದೆ. ಅವರ ‘ಇ-ಚರಕ್’ ವೇದಿಕೆಯಲ್ಲಿ ಬೆಳೆಗಾರರು, ಕೊಳ್ಳುವವರು ಇಬ್ಬರೂ ಸಿಗ್ತಾರೆ. ಬೆಂಗಳೂರಿನಲ್ಲಿ ಸಿಮ್ಯಾಪ್ ಸಂಸ್ಥೆಯ ಸಂಶೋಧನಾ ಕೇಂದ್ರವೂ ಇದೆ.

ಮನೆಯಲ್ಲೇ ಮಾಡಿ ಮಾರ್ತೀವಿ ಅನ್ನೋರಿಗೆ

ಸ್ವಸಹಾಯ ಸಂಘದ ಅಕ್ಕಂದಿರು ಈ ಪ್ರಶ್ನೆ ಕೇಳ್ತಾನೇ ಇರ್ತಾರೆ. ಮನೆ ಬಳಕೆಗೆ ಕಡಲೆಹಿಟ್ಟು, ಅರಿಶಿನ ಕಲಸೋದು ಬೇರೆ. ಮುಖಕ್ಕೆ ಹಚ್ಚೋ ಕ್ರೀಮು, ಎಣ್ಣೆ, ಪುಡಿಯನ್ನ ಪ್ಯಾಕ್ ಮಾಡಿ ಮಾರೋದು ಬೇರೆ. ಎರಡನೆಯದಕ್ಕೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 2020ರ ಕಾಂತಿವರ್ಧಕ ನಿಯಮಗಳ ಪ್ರಕಾರ ತಯಾರಿಕಾ ಲೈಸೆನ್ಸ್ ಬೇಕು. ಇದು ರಾಜ್ಯದ ಔಷಧ ನಿಯಂತ್ರಣ ಇಲಾಖೆಯಿಂದ ಸಿಗುತ್ತೆ. ಸ್ವಂತ ಘಟಕ ಇಲ್ಲದಿದ್ದರೆ ಲೈಸೆನ್ಸ್ ಇರೋ ಘಟಕದಲ್ಲೇ ನಿಮ್ಮ ಮಾಲು ತಯಾರು ಮಾಡಿಸೋಕೆ ‘ಲೋನ್ ಲೈಸೆನ್ಸ್’ ಅನ್ನೋ ದಾರಿ ಇದೆ.

ನೀರು ಬೆರೆತ ಯಾವ ಲೇಪಕ್ಕೂ ಬೂಷ್ಟು ಹಿಡಿಯುತ್ತೆ, ಕಣ್ಣಿಗೆ ಕಾಣೋ ಮೊದಲೇ ಹಿಡಿದಿರುತ್ತೆ. ಪರೀಕ್ಷೆ ಮಾಡಿಸದೆ ‘ಕಲೆ ಮಾಯ’ ಅಂತ ಬರೆದು ಮಾರಿದರೆ, ಒಬ್ಬರ ಮುಖ ಕೆಟ್ಟರೂ ಸಂಘದ ಹೆಸರು ಹೋಗುತ್ತೆ. ಯಾವುದೇ ಕ್ರೀಮು ಒಂದೇ ವಾರದಲ್ಲಿ ಬೆಳ್ಳಗೆ ಮಾಡಿದರೆ ಅನುಮಾನ ಪಡಿ. ಅದರಲ್ಲಿ ಪಾದರಸ ಇಲ್ಲಾ ಸ್ಟೆರಾಯ್ಡ್ ಸೇರಿಸಿರಬಹುದು. ಗಿಡದ ಸಾರ ಇರೋ ಕ್ರೀಮುಗಳಲ್ಲಿ ವ್ಯತ್ಯಾಸ ಕಾಣೋಕೆ ತಿಂಗಳುಗಳೇ ಬೇಕು.

ಕೊನೆಗೆ ಏನಾಯ್ತು?

ಅಕ್ಕನನ್ನ ಹಾವೇರಿಯ ಚರ್ಮದ ಡಾಕ್ಟರ ಹತ್ತಿರ ಕರ್ಕೊಂಡು ಹೋದ್ವಿ. ಮುಲಾಮು ಕೊಟ್ಟು, ಬಿಸಿಲಿಗೆ ಮುಖ ಒಡ್ಡಬೇಡಿ, ಸನ್‌ಸ್ಕ್ರೀನ್ ಹಚ್ಚಿ ಅಂದರು. ಕಪ್ಪು ತಿಳಿಯಾಗೋಕೆ ನಾಲ್ಕೈದು ತಿಂಗಳು ಹಿಡೀತು. ಈಗಲೂ ಹೊಲಕ್ಕೆ ಹೋಗುವಾಗ ಸೆರಗಿನ ಮೇಲೆ ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ ಹಾಕ್ತಾಳೆ. ಕಲೆಗೂ ಸುಕ್ಕಿಗೂ ಬಿಸಿಲೇ ದೊಡ್ಡ ಕಾರಣ ಆಗಿರೋದರಿಂದ, ಹೊಲದಲ್ಲಿ ದುಡಿಯೋರಿಗೆ ಆ ಟೋಪಿಯ ಮುಂದೆ ಯಾವ ಸೀರಮ್ಮೂ ಇಲ್ಲ.

ತಮ್ಮ ಎರಡು ಎಕರೆ ಹಾಕಲಿಲ್ಲ. ಬದುವಿನ ಬೀಜ ಆರಿಸಿ ಒಣಗಿಸಿದ, ಒಂದು ಸ್ಯಾಂಪಲ್ ಲ್ಯಾಬಿಗೆ ಕಳಿಸಿದ, ರಿಪೋರ್ಟ್ ಹಿಡ್ಕೊಂಡು ಇಬ್ಬರು ಕೊಳ್ಳುವವರ ಜೊತೆ ಮಾತಾಡ್ತಿದ್ದಾನೆ. ಈ ಮುಂಗಾರಿಗೆ ನಾಲ್ಕು ಗುಂಟೆ ಮಾತ್ರ. “ನಾಕ್ ಗುಂಟೆ ಹೋದ್ರ ಹೋಗ್ಲಿ ಅಣ್ಣ, ಕಲ್ತಂಗ ಆಗ್ತದ” ಅಂದ. ನನ್ನ ಒಂದೂವರೆ ಎಕರೆ ಲೋಳೆಸರದ ಕಥೆ ಅವನಿಗೆ ಗೊತ್ತು.

ನಿಮ್ಮ ಬದುವಿನಲ್ಲೂ ಇಂಥ ಗಿಡ ಇದ್ದರೆ ಮೊದಲು ಹೆಸರು ಸರಿಯಾಗಿ ಗುರುತಿಸಿ. ಆಮೇಲೆ ಒಳಗಿರೋ ಅಂಶ ಪರೀಕ್ಷೆ ಮಾಡಿಸಿ, ಕೊಳ್ಳುವವರನ್ನ ಹುಡುಕಿ. ಬಿತ್ತೋ ಮಾತು ಅದಾದ ಮೇಲೆ. ಬೀಜ ಅರೆದು ಮುಖಕ್ಕೆ ಮಾತ್ರ ಹಚ್ಚಬೇಡಿ.